ನೆರಳಿನ ಖರ್ಚು

ಸುಪರ್ ಮಾರ್ಕೆಟಿನ್ಯಾಗ ಎರಡನೇ ಮಾಳಗಿ, ಜುನೈದನ ಅಂಗಡಿ.
ಗಾಜಿನ ಮ್ಯಾಲ ಎರಡು ಲ್ಯಾಪ್‌ಟಾಪು
ಬಾಯಿ ತಕ್ಕೊಂಡು ಕುಂತಾವ.
ನಡಕ ನನ್ನ ಮಗಳು ನೀಲಾಂಬಿಕಾ,
ತಕ್ಕಡಿ ಮುಳ್ಳಿನಂಗ
ಒಮ್ಮೆ ಇಕಡಿ, ಒಮ್ಮೆ ಅಕಡಿ.

ಭಿಶಿ ಎತ್ತಿದ್ದು ನಲವತ್ತು ಸಾವಿರ, ನಂದು.
ಎಂಟನೇತ್ತೆ ಹುಡುಗರಿಗಿ ಗಣಿತ ಹೇಳಿ
ಕೂಡಿಟ್ಟಿದ್ದು ಮೂವತ್ತೊಂದು, ಆಕೀದು.
ಅದರ ಮ್ಯಾಲ ಒಂದು ಪೈಸಾ ಇಲ್ಲ.
ಓದ್ಲಾಕ ಬೇಕು ಅಂತ ಸುಳ್ಳು ಹೇಳಲಿಲ್ಲ ಆಕಿ.
"ಆಟ ಆಡ್ಲಾಕ, ಅಪ್ಪಾ" ಅಂದ್ಲು.
ಅದಕ್ಕೇ ಕೊಟ್ಟೆ.

"ದಪ್ಪಂದು ಫೋರ್ಟಿ ಫಿಫ್ಟಿ, ತೆಳ್ಳಂದು ಫೋರ್ಟಿ ಸಿಕ್ಸ್ಟಿ.
ಆಫರಿನ್ಯಾಗ ಎರಡೂ ಒಂದೇ ರೇಟು ಕಾಕಾ,
ದೊಡ್ಡ ನಂಬರ್ ಬಿಡಬ್ಯಾಡ್ರಿ" ಅಂದ ಜುನೈದ,
ಗಂಜಿನ್ಯಾಗ ತೊಗರಿ ಭಾವ ಕೂಗಿದಂಗ.

ಕಪನೂರಿನ ದಾಲ್ ಮಿಲ್ಲಿನ್ಯಾಗ
ಇಪ್ಪತ್ತೆರಡು ವರ್ಷ ಮೋಟರ್ ಕಟ್ಟೀನಿ ನಾನು.
ಹೊರಗ ಬರದಿದ್ದ ನಂಬರಿಗಿ ನಂಬೂದಿಲ್ಲ.
ಚೀಲದ ಮ್ಯಾಲ ಫಟಕಾ ಅಂತ ಇರ್ತದ,
ಒಳಗ ಕೈ ಇಳಿಸಿದ್ರ ಚುನ್ನಿ ಹತ್ತತದ.
"ಎಷ್ಟು ವ್ಯಾಟ್ ತಿಂತಾವ್ರಿ ಇವು?" ಅಂತ ಕೇಳ್ದೆ.

ಜುನೈದ ಸುಮ್ಮನಾದ.
ನೀಲಾ ನನ್ನ ಕಡಿ ತಿರುಗಿ ನೋಡಿದ್ಲು,
ಹತ್ತೊಂಬತ್ತು ವರ್ಷದಾಗ ಮೊದಲನೇ ಸಲ ಗುರ್ತು ಹತ್ತಿದಂಗ.
"ಅದೇ ಅಪ್ಪಾ! ಅದನ್ನೇ ಹುಡುಕ್ಲಾಕತ್ತೀನಿ ನಾ."
ಡಬ್ಬಿ ಮಗ್ಗಲಕ, ಇರಿವಿಯಂಥ ಅಕ್ಷರದಾಗ ಸಿಕ್ಕಿತು:
ತೆಳ್ಳಂದಕ್ಕ ನಲವತ್ತೈದು,
ದಪ್ಪಂದಕ್ಕ ತೊಂಬತ್ತೈದು.
ದೊಡ್ಡ ಹೆಸರಿಂದಕ್ಕ ಅರ್ಧ ಹೊಟ್ಟಿ,
ಸಣ್ಣ ಹೆಸರಿಂದಕ್ಕ ತುಂಬ ಊಟ.

"ಆದ್ರ ಮೆಮರಿ ಅದ್ರಾಗ ಎಂಟು, ಇದ್ರಾಗ ಆರೇ"
ಅಂತ ಉಗರ ಕಡಕೋತ ನಿಂತ್ಲು.
ಮುಂದಿನ ವರ್ಷ ಬರೂ ಆಟಕ್ಕ ಆರು ಸಾಲ್ತದೋ ಇಲ್ಲೋ,
ಅದಕ್ಕ ನನ್ನ ಬಲ್ಲಿ ಉತ್ತರ ಇರಲಿಲ್ಲ.
ಚಹಾ ಬಂತು. ಆರಿತು.
ಕಡಿಗಿ ನಾನೇ ಅಂದೆ,
"ಜುನೈದ್, ಎರಡೂ ಚಾಲೂ ಮಾಡು.
ಎಸಿ ಬಂದ್ ಮಾಡು."
"ಕಾಕಾ, ಮೇ ತಿಂಗಳದ್ರಿ!"
"ನಮ್ಮ ಮನ್ಯಾಗೂ ಮೇ ತಿಂಗಳೇ ಅದ. ಎಸಿ ಇಲ್ಲ."

ಇಪ್ಪತ್ತು ನಿಮಿಷಕ್ಕ ಮೂರೂ ಮಂದಿ ಬೆವರಿನ್ಯಾಗ ತೊಯ್ದೇವು.
ಅಂಗೈ ಮಗಚಿ ಹಿಂಬದಿ ಮುಟ್ಟಿ ನೋಡ್ದೆ,
ಮೋಟರಿಗಿ ನೋಡಿದಂಗ.
ತೆಳ್ಳಂದು ಜ್ವರ ಬಂದವರಂಗ ತೊದಲ್ಲಾಕತ್ತಿತು.
ದಪ್ಪಂದು ಹಿಟ್ಟಿನ ಗಿರಣಿಯಂಗ ಒದರಿತು,
ಖರೆ, ನಿಂದ್ರಲಿಲ್ಲ.

ರಾತ್ರಿ ಮನ್ಯಾಗ ಆಟ ತಗದ್ಲು.
ಕುದರಿ ಮ್ಯಾಲ ಒಬ್ಬಾಕಿ, ಬಯಲು, ಮೊಣಕಾಲಮಟ ಹುಲ್ಲು,
ದೂರಕ ಬೇವಿನಂಥದ್ದೊಂದು ಗಿಡ.
ಬುಡಕ್ಕ ನೆರಳು. ಎಲಿ ಎಲಿ ಬ್ಯಾರಿ.
ಮ್ಯಾಲ ಗಾಳಿ ಬಂದ್ರ ನೆಲದಾಗೂ ಅಳ್ಳಾಡ್ತಿತ್ತು.
ಕುದರಿ ಒಂದೆರಡು ಕಡಿ ಮುಗ್ಗರಿಸಿತು.
ನೀಲಾ ಸೆಟ್ಟಿಂಗ್ ಬಿಚ್ಚಿದ್ಲು:
"ನೀರು ಇರ್ಲಿ. ಹುಲ್ಲು ಇರ್ಲಿ.
ನೆರಳು ಕಮ್ಮಿ ಮಾಡ್ತೀನಿ ಅಪ್ಪಾ,
ಕಾರ್ಡಿಗಿ ಎಲ್ಲಾದ್ರಕಿಂತ ಭಾರ ನೆರಳೇ."

ಅಲ್ಲೂ ಹಂಗೇ ಏನು, ಅಂತ ನಗಿ ಬಂತು.
ಮಧ್ಯಾನ ಎರಡಕ್ಕ ಗಾಡಿ ಹಚ್ಚಲಾಕ
ಹಿಡಿ ನೆರಳಿಗಿ ಮೂರು ಗಲ್ಲಿ ತಿರಗ್ತೀನಿ ನಾ.

ಬಟನ್ ಒತ್ತಿದ್ಲು. ಗಿಡದ ಬುಡಕ್ಕ
ಎಣ್ಣಿ ಚೆಲ್ಲಿದಂಥ ಕಲಿ ಅಷ್ಟೇ ಉಳೀತು.
ಕುದರಿ ಹಾರ್ತಿತ್ತು ಈಗ.
"ಆ ಒಂದು ಗಿಡದ್ದಾದ್ರೂ ಇಡವಾ."
"ಒಂದಕ್ಕ ಬರೂದಿಲ್ಲಪ್ಪಾ. ಇಟ್ರ ಎಲ್ಲಾಕೂ ಇಡಬೇಕು."
ಗಲ್ಲಕ್ಕ ಕೈ ಹಚ್ಚಿ ಲೆಕ್ಕ ಹಾಕಿದ್ಲು.
ಓಟದ ವೇಗ ಅರವತ್ತರಿಂದ ನಲವತ್ತಕ್ಕ ಕಟ್ಟಿ
ನೆರಳು ತಿರಗಿ ತಂದ್ಲು.
"ಇವತ್ತೊಂದಿನ" ಅಂದ್ಲು.

ಹನ್ನೊಂದಕ್ಕ ಕರೆಂಟ್ ಹೋತು.
ಬ್ಯಾಟರಿ ಮ್ಯಾಲ ಕಾರ್ಡು ಅರ್ಧಕ್ಕ ಇಳೀತದಂತ,
ಕುದರಿ ಗಿಡದ ಕೆಳಗ ನಿಂದ್ರಿಸಿದ್ಲು.
ಬೀಸಣಿಕಿ ಹುಡುಕಿ ತಂದು
ಮೊದಲು ಲ್ಯಾಪ್‌ಟಾಪಿಗಿ ಬೀಸಿದೆ.