ಎರಡನೆಯ ಗಿಣ್ಣಿನವರೆಗೆ

ಮೊಣಕಾಲಿನ ಆಪರೇಷನ್ನಿಗೆ ಹೋಗುವಾಗ ತ್ಸಿಯಾಲ
ಕೀಲಿಕೈ ಯಾರಿಗೂ ಕೊಡಲಿಲ್ಲ. ಕೊಡುವ ಅಗತ್ಯವೂ ಇರಲಿಲ್ಲ.
ತ್ಬಿಲಿಸಿಯ ಈ ಹಳೇ ವಠಾರದಲ್ಲಿ
ಮರದ ಮೊಗಸಾಲೆ ಮೂರು ಮನೆಗೂ ಒಂದೇ,
ಅವಳ ಟೊಮೆಟೊ ನಮ್ಮೆಲ್ಲರ ಕಾಲಿಗೂ ಅಡ್ಡ:
ಬಣ್ಣದ ಡಬ್ಬಿಗಳಲ್ಲಿ ಎರಡು,
ಚೀಸಿನ ಬಕೆಟ್ಟಿನಲ್ಲಿ ಒಂದು,
ತೂತುಬಿದ್ದ ಸೂಪಿನ ಪಾತ್ರೆಯಲ್ಲಿ ಆ ಗುಲಾಬಿ ಜಾತಿಯದು.

"ಸ್ವಲ್ಪ ನೀರು ನೋಡಿಕೊಳ್ಳಿ" ಅಂದಳು.
ಯಾರಿಗೆ ಅಂದಳೆಂದು ಯಾರೂ ಕೇಳಲಿಲ್ಲ.

ನಾನು ಬೇಕರಿಯ ರಾತ್ರಿಪಾಳಿ ಮುಗಿಸಿ ಬಂದು
ಬೆಳಿಗ್ಗೆ ಆರಕ್ಕೆ ಒಂದೊಂದು ಮಗ್ಗು ಹೊಯ್ದೆ.
ಮಧ್ಯಾಹ್ನ ಮೂರಕ್ಕೆ ಎಲೆಗಳು ಜೋತದ್ದು ಕಂಡು
ಪಾಪ, ಪಾಪ ಅನ್ನುತ್ತ ನುಗ್ಜಾರ್ ಕೆಟಲ್ ತಂದ
(ತಣ್ಣೀರೇ ಅಂತ ಈಗಲೂ ಆಣೆ ಇಡುತ್ತಾನೆ).
ಸಂಜೆ ಎತೇರಿ ಪೈಪು ಹಿಡಿದಳು,
ಎಲೆಗೂ ಸ್ನಾನ, ಕೆಳಗೆ ಒಣಹಾಕಿದ ನನ್ನ ಅಂಗಿಗೂ.

ಒಂಬತ್ತನೇ ದಿನ ಬುಡದ ಎಲೆ ಹಳದಿ.
ಸಾಲದು ನೀರು, ಅಂದುಕೊಂಡೆವು
ಮೂವರೂ, ಬೇರೆಬೇರೆಯಾಗಿ.

ಊರುಗೋಲಿನಲ್ಲಿ ಬಂದ ತ್ಸಿಯಾಲ ಬೈಯಲಿಲ್ಲ.
ತೋರುಬೆರಳನ್ನು ಮಣ್ಣಿಗಿಳಿಸಿದಳು, ಎರಡನೆಯ ಗಿಣ್ಣಿನವರೆಗೆ,
ತೆಗೆದು ನುಗ್ಜಾರನ ತೋಳಿಗೆ ಒರೆಸಿದಳು.
"ಇದಕ್ಕೆ ಬಾಯಾರಿಕೆಯಲ್ಲ, ಉಸಿರು ಕಟ್ಟಿದೆ."

"ಎಷ್ಟು ದಿನಕ್ಕೊಮ್ಮೆ ಹಾಕಬೇಕು?"
ಎತೇರಿಯ ಕೈಯಲ್ಲಿ ಆಗಲೇ ಕ್ಯಾಲೆಂಡರು, ಪೆನ್ಸಿಲು.
"ಬೆರಳು ಹಾಕು. ತಂಪಿದ್ದರೆ ಸುಮ್ಮನೆ ಹೋಗು.
ಒಣಗಿದ್ದರೆ ತಳದ ತೂತಿನಲ್ಲಿ ಇಳಿವ ತನಕ ಹೊಯ್ಯಿ,
ಬುಡಕ್ಕೆ, ತಲೆಗಲ್ಲ.
ಜುಲೈ ಬಿಸಿಲಿಗೆ ಸಣ್ಣ ಡಬ್ಬಿ ದಿನಕ್ಕೆರಡು ಸಲ ಕೇಳೀತು,
ಮೋಡ ಮುಚ್ಚಿದರೆ ಬಕೆಟ್ಟು ಮೂರು ದಿನ ಸುಮ್ಮನಿದ್ದೀತು.
ಮಧ್ಯಾಹ್ನ ಜೋತದ್ದಕ್ಕೆ ಗಾಬರಿ ಬೇಡ,
ಸಂಜೆಗೆ ತಾನೇ ಏಳುತ್ತದೆ.
ನುಗ್ಜಾರ್, ಮೂರು ಗಂಟೆಗೆ ನೀನೂ ಹಾಗೇ ಇರುತ್ತೀಯ."

ನಾನು ತಲೆ ಎತ್ತಲಿಲ್ಲ.
ಹಿಟ್ಟು ಹುದುಗಿತೇ ಎಂದು ದಿನವೂ ಬೆರಳೊತ್ತಿ ಕೇಳುವವನು;
ಗಡಿಯಾರ ನೋಡಿ ರೊಟ್ಟಿ ಸುಟ್ಟವನನ್ನು
ಕೆಲಸದಿಂದ ಬಿಡಿಸಿದವನೂ ನಾನೇ.

ಡಬ್ಬಿಯದೊಂದು ಉಳಿಯಲಿಲ್ಲ.
ಸೂಪಿನ ಪಾತ್ರೆಯದು ಆಗಸ್ಟಿನಲ್ಲಿ ನಾಲ್ಕು ಹಣ್ಣು ಬಿಟ್ಟಿತು,
ಒಂದು ಸಿಪ್ಪೆ ಸೀಳಿದ್ದು, ಅದು ನನ್ನ ಪಾಲಿಗೆ.
ಉಪ್ಪು, ಆಕ್ರೋಟಿನ ಪುಡಿ, ನಿನ್ನೆಯ ರೊಟ್ಟಿ.

ಈಗ ಬೆಳಿಗ್ಗೆ ಆರಕ್ಕೆ ಮಗ್ಗು ಹಿಡಿದು ಬಂದರೆ
ಮಣ್ಣಿನಲ್ಲಿ ಆಗಲೇ ಎರಡು ತೂತು,
ಒಂದು ದಪ್ಪ, ಒಂದು ಸಪೂರ.
ಪಕ್ಕದಲ್ಲಿ ನನ್ನದೂ ಒಂದು.
ತಂಪಿದೆ.
ಮಗ್ಗಿನ ನೀರು ನಾನೇ ಕುಡಿದು
ಮಲಗಲು ಹೋಗುತ್ತೇನೆ.