ಕಿವಿರು

ಕಿವಿರು ಎತ್ತಿ ತೋರಿಸು ಅನ್ನುತ್ತಾರೆ ಗಿರಾಕಿಗಳು.
ನಲವತ್ತು ವರ್ಷ ತೋರಿಸಿದ್ದೇನೆ.
ಕೆಂಪಿದ್ದರೆ ಇವತ್ತಿನದು, ಕಂದಿದ್ದರೆ ಮೊನ್ನೆಯದು;
ಮೇಲೆ ಎಷ್ಟು ಐಸು ನೀರು ಚಿಮುಕಿಸಿದರೂ
ಕಿವಿರು ಸುಳ್ಳು ಹೇಳುವುದಿಲ್ಲ.

ಕಂಕನಾಡಿಯ ಡಾಕ್ಟರಮ್ಮ ನನ್ನದನ್ನೂ ಎತ್ತಿ ನೋಡಿದರು.
ಎರಡು ದಿನ ಗಂಜಿ ಬಿಟ್ಟು, ಚಾ ಬಿಟ್ಟು
ಖಾಲಿ ಹೊಟ್ಟೆಯಲ್ಲಿ ಜಾಣಳ ಹಾಗೆ ಹೋಗಿ ಕೂತಿದ್ದೆ.
"ಇದು ಇವತ್ತಿನದಲ್ಲ ವಾರಿಜಕ್ಕ, ಮೂರು ತಿಂಗಳ ಲೆಕ್ಕ."
ಒಂಬತ್ತು ಪಾಯಿಂಟ್ ಎಂಟು.
ಸೀಮಂತದ ಮನೆಯ ಪಾಯಸ, ದಕ್ಕೆಯ ಗೋಳಿಬಜೆ,
ಹಸನಬ್ಬನ ಗೂಡಂಗಡಿಯ ನಾಲ್ಕು ಚಮಚದ ಚಾ,
ಎಲ್ಲ ಅಲ್ಲಿ ಬರೆದಿತ್ತು, ಸಾಲದ ಪುಸ್ತಕದ ಹಾಗೆ.

ಎದೆನೋವು ಅಂತ ಒಂದು ಬರಲೇ ಇಲ್ಲ ನನಗೆ.
ಬುಟ್ಟಿ ಇಳಿಸುವಾಗ ಬೆವರಿತು, ದವಡೆ ಹಿಡಿಯಿತು,
ಬಿಸಿಲು ಅಂದುಕೊಂಡೆ.
ಪಾದಕ್ಕೆ ಮುಳ್ಳು ಹೊಕ್ಕರೆ ಗೊತ್ತಾಗದವಳಿಗೆ
ಹೃದಯ ಹೇಗೆ ಗೊತ್ತಾಗಬೇಕು?

ಮಣಿಕಟ್ಟಿನಿಂದ ತಂತಿ ಹೊಗಿಸಿದರು.
ಪರದೆಯ ಮೇಲೆ ನನ್ನದೇ ಹೊಳೆಗಳು,
ಒಂದು ಕಡೆ ಮರಳು ಕಟ್ಟಿ ನಿಂತದ್ದು.
ಅಲ್ಲಿ ಬಲೆಯಂಥ ಸಣ್ಣ ಕೊಳವೆ ಬಿಡಿಸಿಟ್ಟರು, ಮದ್ದು ಹಚ್ಚಿದ್ದಂತೆ.
ಬಳೆ, ಬೆಂಡೋಲೆ ಎಲ್ಲ ಸೊಸೈಟಿಯಲ್ಲಿಟ್ಟವಳು ನಾನು;
ಇದೊಂದು, ಅಡವಿಡಲಾಗದ ಒಡವೆ.

"ಇನ್ನು ಹೆದರಿಕೆ ಇಲ್ಲವಲ್ಲ?" ಅಂದೆ.
"ನೀವು ಬೆಂಗ್ರೆಯವರಲ್ವಾ," ಅಂದರು,
"ಅಳಿವೆ ಬಾಗಿಲಿನ ಹೂಳು ತೆಗೆದ ಮೇಲೆ
ಮರಳು ಸುಮ್ಮನಿರುತ್ತದಾ?"
ಸಕ್ಕರೆ ಏರಿದರೆ ಆ ಕೊಳವೆಯ ಒಳಗೇ
ಮತ್ತೆ ಮಾಂಸ ಬೆಳೆಯುವುದುಂಟಂತೆ.
ನಮ್ಮ ಓಣಿಯ ಯಮುನಕ್ಕನಿಗೆ
ಹನ್ನೊಂದು ತಿಂಗಳಲ್ಲಿ ಎರಡನೆಯದು ಹಾಕಿದರು.
ಮೂರನೆಯದಕ್ಕೆ ಅವಳು ಕಾಯಲಿಲ್ಲ.

ಏಳಕ್ಕೆ ಇಳಿಯಬೇಕು ಅಂದರು ಡಾಕ್ಟರಮ್ಮ.
ಅಭ್ಯಾಸ ಬಿಡುತ್ತದಾ?
"ಎಂಟೂವರೆಗೆ ಮುಗಿಸಿ ಮಾರಾಯ್ರೆ,
ಏಳಕ್ಕೆ ಕೊಟ್ಟರೆ ನನಗೆ ಉಳಿಯುವುದೆಂತ?"
ಅವರು ನಗಲಿಲ್ಲ.
"ಏಳೇ. ಮೆಲ್ಲ ಇಳಿಸುವ, ಒಮ್ಮೆಲೇ ಬಿದ್ದರೂ ಕಷ್ಟ."
ಗಿರಾಕಿಗಳಿಂದಲೇ ಕಲಿತದ್ದು, ಎದ್ದು ಹೊರಟ ಹಾಗೆ ಮಾಡಿದೆ,
ಬಾಗಿಲವರೆಗೂ ಹೋದೆ.
ಕರೆಯಲಿಲ್ಲ.
ತಿರುಗಿ ಬಂದು ಕೂತೆ.

ಈಗ ಬೆಳಗಿನ ದೋಣಿಯಲ್ಲಿ ಬೆರಳು ಚುಚ್ಚುತ್ತೇನೆ.
ಎರಡು ಸಲ ಸೋಪು ಹಾಕಿದರೂ ಬಂಗುಡೆ ವಾಸನೆಯ ಬೆರಳು,
ಅದರ ತುದಿಯಲ್ಲಿ ಒಂದು ಕೆಂಪು ಹನಿ.
ನೂರ ನಲವತ್ತೆರಡು.
ಅತ್ತ ಅಳಿವೆಯಲ್ಲಿ ಡ್ರೆಜ್ಜರು ಕೆಮ್ಮುತ್ತ ಮರಳು ಎತ್ತುತ್ತದೆ
ಹೋದ ವರ್ಷ ಎತ್ತಿದ ಜಾಗದಲ್ಲೇ.

ದಕ್ಕೆಯಲ್ಲಿ ಹಸನಬ್ಬ ಗ್ಲಾಸು ಹಿಡಿದು ಕೇಳುತ್ತಾನೆ:
"ಅರ್ಧ ಚಮಚ ಆದರೂ?"
ಬುಟ್ಟಿ ತಲೆಗೇರಿಸಿ ಹೊರಟೇಬಿಡುತ್ತೇನೆ,
ಕರೆಯಬೇಡ ಮಾರಾಯ,
ಹಿಂದಿನಿಂದ ಕರೆಯಬೇಡ ಅಂದುಕೊಳ್ಳುತ್ತ.