ಖಾಲಿ ಕೊಳವೆ

ವಿನ್ನಿಪೆಗ್. ಅಕ್ಟೋಬರಿನ ಮೂರನೇ ವಾರ.
ನೆಲ ಇನ್ನೂ ಗುದ್ದಲಿಯ ಮಾತು ಕೇಳುತ್ತಿದೆ.
ಇನ್ನೊಂದು ತಿಂಗಳು ಕಳೆದರೆ ಕೇಳುವುದಿಲ್ಲ,
ಆಳುದ್ದ ಹೆಪ್ಪುಗಟ್ಟಿ ಕಬ್ಬಿಣವಾಗುತ್ತದೆ.

ಮೂವತ್ತಾರು ಮನೆ, ಮೂವತ್ತಾರು ಕಾರಿನ ಜಾಗ,
ಜಾಗಕ್ಕೊಂದು ಗಿಡ್ಡ ಕಂಬ, ಕಂಬಕ್ಕೊಂದು ಪ್ಲಗ್ಗು.
ಹೊಸ ಕಾರುಗಳಿಗೆಂದು ಇಟ್ಟದ್ದಲ್ಲ ಅದು;
ಮೈನಸ್ ಮೂವತ್ತೈದರ ರಾತ್ರಿಗಳಲ್ಲಿ
ಪೆಟ್ರೋಲ್ ಎಂಜಿನ್ನಿನ ಹೊಟ್ಟೆ ಬೆಚ್ಚಗಿಡಲು
ಅಜ್ಜಂದಿರು ಮಾಡಿಟ್ಟ ಏರ್ಪಾಡು.
'ಪ್ಲಗ್ಗು ಇದೆಯಲ್ಲ, ಮತ್ತೇಕೆ ಖರ್ಚು?'
ಎಂದರು ಸಂಘದ ಖಜಾಂಚಿ ಲಾರ್ನ್ ಫ್ರೀಸನ್.
ಮುಚ್ಚಳ ಬಿಚ್ಚಿ ತೋರಿಸಿದೆ:
ಇದು ಕಂಬಳಿ ಹೊದಿಸುವ ತಂತಿ ಸ್ವಾಮಿ,
ಊಟ ಬಡಿಸುವುದಲ್ಲ.

ನೆಲಮಾಳಿಗೆಯ ಪ್ಯಾನೆಲ್ ಎದುರು
ಬಕೆಟ್ಟು ಮಗುಚಿ ಕೂತು ಲೆಕ್ಕ ಹಾಕಿದೆ.
ಲಿಫ್ಟಿಗಿಷ್ಟು, ಬಟ್ಟೆ ಒಣಗಿಸುವ ಯಂತ್ರಗಳಿಗಿಷ್ಟು,
ಸಂಜೆ ಆರಕ್ಕೆ ಒಟ್ಟಿಗೆ ಕಾಯುವ ಒಲೆಗಳಿಗಿಷ್ಟು.
ಉಳಿದದ್ದು ಏಕಕಾಲಕ್ಕೆ ಐದು ಕಾರಿಗೆ ಸಾಕು,
ಆರನೆಯದಕ್ಕೆ ಸಾಲದು.
ದೊಡ್ಡ ಟ್ರಾನ್ಸ್‌ಫಾರ್ಮರ್ ತರಿಸಬಹುದು ಎಂದೆ.
ಮೊತ್ತವನ್ನೂ ಹೇಳಿದೆ.
ಫ್ರೀಸನ್ ಕಿಟಕಿಯ ಕಡೆ ತಿರುಗಿದರು.
ಕಿಟಕಿ ಇರಲಿಲ್ಲ ಅಲ್ಲಿ.

ಹಾಗಾದರೆ ಪಂಕ್ತಿಯೇ ಗತಿ.
ಸೌಟು ಒಂದೇ, ಎಲೆ ಹಲವು,
ಬಡಿಸುವವನಿಗೆ ಯಾರ ಹಸಿವು ಎಷ್ಟೆಂದು ಗೊತ್ತಿರಬೇಕು.

ರೊಡೆಲಿಯೊ ಮಕರಾಯೆಗ್ ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿ
ಬೆಳಿಗ್ಗೆ ಎಂಟಕ್ಕೆ ಬಂದು ಮಲಗುವವನು:
'ನನಗೆ ಹಗಲು ಕೊಡಿ, ರಾತ್ರಿ ಯಾರಾದರೂ ತಗೊಳ್ಳಿ.'
ಕೋಷ್ಟಕದ ಒಂದು ತೂತು ಮುಚ್ಚಿತು.
ಎರಡನೇ ಮಹಡಿಯ ಡೆಲೋರ್ಮ್ ದಂಪತಿಗೆ
ಕಾರು ಒಂದು, ಅಭಿಪ್ರಾಯ ಎರಡು;
ಅವರನ್ನು ಪೆನ್ಸಿಲಿನಲ್ಲಿ ಬರೆದುಕೊಂಡೆ.

ಒರೀಸಿಯಾ ಹ್ನಾತ್ಯುಕ್, ಎಂಬತ್ತೊಂದು.
ಗಂಡ ತೀರಿದ ವರ್ಷವೇ ಕಾರು ಮಾರಿದವರು,
ಜಾಗ ಮೂವತ್ತೊಂದಕ್ಕೂ ಕೊಳವೆ ಬರಲೇಬೇಕೆಂದು ಹಠ ಹಿಡಿದರು.
ಸಭೆ ಮರುಕದಿಂದ ತಲೆ ತಗ್ಗಿಸಿತು.
ಏಕಮ್ಮ, ಎಂದೆ ಮೆಲ್ಲಗೆ.
'ಬಾಡಿಗೆಗೆ ಬಿಡ್ತೇನಯ್ಯ.
ಕೊಳವೆ ಇದ್ದರೆ ತಿಂಗಳಿಗೆ ನಲವತ್ತು ಡಾಲರ್ ಜಾಸ್ತಿ.'

ಈ ವರ್ಷ ತಂತಿ ಒಂಬತ್ತೇ ಜಾಗಕ್ಕೆ.
ಮಿಕ್ಕವಕ್ಕೆಲ್ಲ ಬರೀ ಕೊಳವೆ.
ಕಾಲುವೆಯ ಅಂಚಿನಲ್ಲಿ ನಿಂತು ಫ್ರೀಸನ್ ಗೊಣಗುತ್ತಾರೆ:
'ದುಡ್ಡು ಕೊಟ್ಟು ಗಾಳಿ ಹೂಳುತ್ತಿದ್ದೇವೆ.'
ಸುಳ್ಳಲ್ಲ.
ಯಾರೂ ಇನ್ನೂ ಕೊಳ್ಳದ ಕಾರಿಗೆ,
ಈ ಮನೆಯ ವಿಳಾಸವನ್ನೇ ಇನ್ನೂ ಅರಿಯದವರಿಗೆ
ಗಾಳಿಯಷ್ಟೇ ಇದೆ ಸದ್ಯಕ್ಕೆ, ಒಂದೂವರೆ ಇಂಚು ದಪ್ಪದ್ದು.
ಆದರೆ ಎರಡು ಸಲ ಅಗೆದರೆ ಎರಡು ಸಲ ಕೂಲಿ.
ಇದಕ್ಕೆ ಅವರ ಬಳಿ ಉತ್ತರವಿಲ್ಲ,
ಕೋಟಿನ ಗುಂಡಿ ಹಾಕಿಕೊಂಡರು.

ಮುಚ್ಚುವ ಮುನ್ನ ಪ್ರತಿ ಕೊಳವೆಯೊಳಗೂ
ಒಂದು ನೈಲಾನ್ ಹುರಿ ಹಾಯಿಸಿ
ಎರಡೂ ತುದಿಗೆ ಗಂಟು ಹಾಕುತ್ತೇನೆ.
ಮುಂದೆ ಬರುವ ಎಲೆಕ್ಟ್ರಿಷಿಯನ್, ನಾನೋ ಮತ್ತೊಬ್ಬನೋ,
ತಂತಿಯ ಮೂತಿಗೆ ಇದನ್ನು ಕಟ್ಟಿ ಎಳೆದರಾಯಿತು.

ಮೂವತ್ತೊಂದರ ಗಂಟನ್ನು ಎರಡು ಸಲ ಬಿಗಿದೆ.
ಬಾಲ್ಕನಿಯಿಂದ ಮುದುಕಿ ನೋಡುತ್ತಿದ್ದಾರೆ.